ಬೋನಕ್ಕನ ನಲವತ್ತೊಂದನೇ ಬೋನು

ಬೋನಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದು ಈಗ ಪುರಸಭೆಯ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಕಾಣಿಸುವುದಿಲ್ಲ. ಹದಿಮೂರು ವರ್ಷದಿಂದ ಹಾವಿನ ಬೋನು ನೋಡಿಕೊಳ್ಳುತ್ತಿರುವ ಹೆಂಗಸನ್ನು ಊರು ಇನ್ನೇನಂತ ಕರೆದೀತು? ಮೀನಿನಂಗಡಿಯವನಿಂದ ಹಿಡಿದು ಪುರಸಭೆ ಅಧ್ಯಕ್ಷರವರೆಗೆ ಎಲ್ಲರ ಬಾಯಲ್ಲೂ ಅವಳು ಬೋನಕ್ಕ. ಅವಳ ಗಂಡ, ಪಾಪ, ಇಪ್ಪತ್ತೈದು ವರ್ಷದಿಂದ ಕರೆಂಟು ಕಂಬ ಹತ್ತಿ ಇಳಿಯುತ್ತಿರುವ ಲೈನ್‌ಮ್ಯಾನು. ಅವನನ್ನೂ ಜನ 'ಬೋನಕ್ಕನ ಯಜಮಾನ್ರು' ಅಂತಲೇ ಗುರುತಿಸುತ್ತಾರೆ. ಅವನು ಅದಕ್ಕೆ ಬೇಜಾರು ಮಾಡಿಕೊಂಡದ್ದಿಲ್ಲ. ಬೇಜಾರು ಮಾಡಿಕೊಳ್ಳಲು ಅವನಿಗೆ ಪುರುಸೊತ್ತಾದರೂ ಎಲ್ಲಿದೆ!

ಹಾವಿನ ಕಥೆಯನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಲೆಗೆ ಹೋಗುವುದಿಲ್ಲ. ಅದು ಈ ಊರಿನದಲ್ಲ. ಬೋನಕ್ಕನ ಅತ್ತೆ ಈ ಮನೆಗೆ ಸೊಸೆಯಾಗಿ ಬಂದ ವರ್ಷ, ಯಾವುದೋ ಹಡಗಿನಲ್ಲಿ ಮರದ ದಿಮ್ಮಿಗಳ ಸಂದಿಯಲ್ಲಿ ಸುರುಳಿ ಸುತ್ತಿಕೊಂಡು ಬಂದಿಳಿದದ್ದು. ಟಿಕೆಟ್ಟಿಲ್ಲ, ಹೇಳುವವರಿಲ್ಲ, ಕೇಳುವವರಿಲ್ಲ. ಅದಕ್ಕೇ ಅದಕ್ಕೆ ಹಡಗಿನ ಹಾವು ಅಂತ ಹೆಸರಾಯಿತು. ಕಂದು ಬಣ್ಣ, ಸಣಕಲು ಮೈ, ಮರ ಹತ್ತುವುದರಲ್ಲಿ ಎತ್ತಿದ ಕೈ. ಮನುಷ್ಯರ ತಂಟೆಗೆ ಅಷ್ಟಾಗಿ ಬರುವುದಿಲ್ಲ, ಆದರೆ ಗೂಡು ಕಂಡರೆ ಬಿಡುವುದಿಲ್ಲ. ಇಲ್ಲಿನ ಹಕ್ಕಿಗಳಿಗೋ, ಮರ ಹತ್ತಿ ಬರುವ ಹಾವು ಅಂತ ಒಂದಿದೆ ಎನ್ನುವುದೇ ಗೊತ್ತಿರಲಿಲ್ಲ. ಮೊಟ್ಟೆಯ ಮೇಲೆ ಕೂತವು ಕೂತಲ್ಲೇ ಹೋದವು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಬಂದರಿನ ಕಡೆ ಕೂಗುವುದಕ್ಕೆ ಒಂದು ಹಕ್ಕಿ ಉಳಿಯಲಿಲ್ಲ. ಹಕ್ಕಿ ಹೋದದ್ದೇ ತಡ, ಹುಳಹುಪ್ಪಟೆಗೂ ಜೇಡಕ್ಕೂ ಹೇಳಿ ಮಾಡಿಸಿದ ಕಾಲ ಬಂತು. ಬೆಳಿಗ್ಗೆ ಒಣಹಾಕಿದ ಅಂಗಿಯನ್ನು ಸಂಜೆ ತೆಗೆಯಬೇಕಾದರೆ ಮೊದಲು ಬಲೆ ಬಿಡಿಸಬೇಕು.

ಉಳಿದದ್ದು ಊರಾಚೆ ಗುಡ್ಡದ ಮೇಲಿನ ತೋಪು ಒಂದೇ. ಹಾವು ಅಲ್ಲಿಗೆ ಹತ್ತುವ ಮೊದಲೇ ಪುರಸಭೆಯವರು ಎಚ್ಚೆತ್ತುಕೊಂಡು ಗುಡ್ಡದ ಬುಡಕ್ಕೆ ಸಣ್ಣ ಕಣ್ಣಿನ ತಂತಿಬೇಲಿ ಹಾಕಿಸಿದರು, ಬೇಲಿಯುದ್ದಕ್ಕೂ ಐವತ್ತೆರಡು ಬೋನು ತೂಗುಹಾಕಿಸಿದರು. ಬೇಲಿಯ ಈಚೆ ಗಪ್‌ಚುಪ್, ಆಚೆ ಚಿಲಿಪಿಲಿ. ನಡುವೆ ಬೋನಕ್ಕ.

ಬೋನು ಅಂದರೆ ತಂತಿಯ ಉದ್ದನೆಯ ಡಬ್ಬಿ. ಒಳಗೆ ಇನ್ನೊಂದು ಪುಟ್ಟ ಗೂಡು, ಅದರಲ್ಲೊಂದು ಜೀವಂತ ಬಿಳಿ ಇಲಿ. ಇಲಿಯ ವಾಸನೆ ಹಿಡಿದು ಹಾವು ಬರುತ್ತದೆ, ಬಾಗಿಲು ತಳ್ಳಿಕೊಂಡು ಒಳಗೆ ಹೋಗುತ್ತದೆ. ಒಳಗೆ ಹೋದರೆ ಇಲಿಯೂ ಸಿಗುವುದಿಲ್ಲ, ಹೊರಗೆ ಬರುವ ದಾರಿಯೂ ಸಿಗುವುದಿಲ್ಲ. ದಿನಾ ಬೆಳಿಗ್ಗೆ ಆರಕ್ಕೆ ಬೋನಕ್ಕ ಗೋಧಿಯ ಚೀಲ, ಆಲೂಗಡ್ಡೆಯ ಹೋಳು, ಹಾವು ಹಿಡಿಯುವ ಇಕ್ಕಳ ಹೆಗಲಿಗೇರಿಸಿಕೊಂಡು ಹೊರಡುತ್ತಿದ್ದಳು. ಗೋಧಿ ಇಲಿಗಳ ಊಟಕ್ಕೆ, ಆಲೂಗಡ್ಡೆ ಅವುಗಳ ಬಾಯಾರಿಕೆಗೆ. ಐವತ್ತೆರಡೂ ಇಲಿಗಳನ್ನು ಮಾತಾಡಿಸಿಯೇ ಮುಂದೆ ಹೋಗುವುದು. "ಏನಮ್ಮಾ, ರಾತ್ರಿ ಯಾರಾದ್ರೂ ನೆಂಟರು ಬಂದಿದ್ರಾ?" ಅನ್ನುವುದು ಅವಳ ಖಾಯಂ ಪ್ರಶ್ನೆ.

ಇಷ್ಟೆಲ್ಲ ಸರಿ, ಆದರೆ ಇಲಿಯ ವಾಸನೆ ಇದೆಯಲ್ಲ, ಅದು ಅವಳ ಸೀರೆಗೆ, ಕೂದಲಿಗೆ, ಉಗುರಿಗೆಲ್ಲ ಅಂಟಿಕೊಂಡು ಮನೆಯವರೆಗೂ ಬರುತ್ತಿತ್ತು. ಮನೆಯಲ್ಲಿ ಅತ್ತೆ ಇದ್ದರು. ಅತ್ತೆಗೆ ಎಪ್ಪತ್ತೆರಡಾದರೂ ಮೂಗಿಗೆ ಮಾತ್ರ ಇಪ್ಪತ್ತು. ಸೊಸೆ ಗೇಟು ತೆಗೆಯುವ ಮೊದಲೇ ಒಳಗಿನಿಂದ ಕೂಗು ಕೇಳುತ್ತಿತ್ತು: "ಬಂದ್ಯಾ? ಹಿತ್ಲಿಂದ ಬಾರೇ! ಅಲ್ಲೇ ಸ್ನಾನ ಮಾಡ್ಕೊಂಡು ಒಳಗೆ ಕಾಲಿಡು. ಅಬ್ಬಬ್ಬಾ, ಇಲಿ ಬಿಲಾನೇ ಎದ್ದು ಬಂದ ಹಾಗಿದೆ!" ಹಿತ್ತಲ ಬಾಗಿಲ ಮೊಳೆಗೆ ಟವೆಲು, ಕೆಳಗೆ ಸೋಪು. ಮಳೆ ಇರಲಿ ಚಳಿ ಇರಲಿ, ಇದು ತಪ್ಪಿದ್ದಲ್ಲ.

ಅತ್ತೆ ಕೆಟ್ಟವರೇನಲ್ಲ. ಸೊಸೆ ಸ್ನಾನ ಮುಗಿಸಿ ಊಟಕ್ಕೆ ಕೂತಳೋ, ಅತ್ತೆಯ ದನಿಯೇ ಬೇರೆ. ಮಂಡಿನೋವು ಅವರನ್ನು ಗುಡ್ಡ ಹತ್ತಲು ಬಿಡುತ್ತಿರಲಿಲ್ಲ. ಹಾಗಾಗಿ ದಿನಾ ಮೆಲ್ಲಗೆ ಕೇಳುತ್ತಿದ್ದರು: "ಇವತ್ತು ಏನು ಕೂಗ್ತೇ?" ಬೋನಕ್ಕ ಬೇಲಿಯಾಚೆ ಕೇಳಿದ್ದನ್ನು ಬಾಯಲ್ಲಿ ಕೂಗಿ ತೋರಿಸುತ್ತಿದ್ದಳು. "ಟೂ... ಟುಟ್ಟೂ" ಅಂದರೆ ಅತ್ತೆ ಕಣ್ಣು ಮುಚ್ಚಿಕೊಂಡು, "ಹ್ಞಾಂ, ಅದು ನಮ್ಮ ಬಾವಿಕಟ್ಟೆ ಮರದಲ್ಲಿ ಇರ್ತಿತ್ತು" ಅನ್ನುತ್ತಿದ್ದರು. ಆ ಒಂದು ಗಳಿಗೆಗೆ ಅತ್ತೆ ಮತ್ತೆ ಹೊಸ ಸೊಸೆ.

ಆದರೂ ದಿನಬೆಳಗಾದರೆ 'ಇಲಿ ಬಿಲ' ಅನ್ನಿಸಿಕೊಳ್ಳುವುದು ಯಾರಿಗೆ ಬೇಕು? ಅದರ ಮೇಲೆ ಬೋನಕ್ಕನೇ ಶುಚಿಯ ವಿಷಯದಲ್ಲಿ ಮಹಾ ಕಟ್ಟುನಿಟ್ಟಿನವಳು. ಅವಳ ಮನೆಯ ಪಾತ್ರೆಯಲ್ಲಿ ಮುಖ ನೋಡಿಕೊಂಡು ಬೈತಲೆ ತೆಗೆಯಬಹುದು. ಬೋನಿನ ತಂತಿಗೆ ಹತ್ತಿದ ಕೊಳೆ ಕಂಡರೆ ಅವಳಿಗೆ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು. ಅವಳಿಗೆ ಕೆಲಸ ಕಲಿಸಿದ ಹಳೇ ಮೇಸ್ತ್ರಿ ಒಂದೇ ಒಂದು ಮಾತನ್ನು ಸಾವಿರ ಸಲ ಹೇಳಿದ್ದ: "ನೋಡಮ್ಮ, ಬೋನನ್ನ ತೊಳೀಬೇಡ. ಅದು ಹಾಗೇ ಇರ್ಲಿ." ಯಾಕೆ ಅಂದರೆ, "ಹಾಗೇ ಇರ್ಲಿ ಅಂದ್ನಲ್ಲ" ಅನ್ನುತ್ತಿದ್ದ. ಆ ಮೇಸ್ತ್ರಿಯ ಅಂಗಿಯ ಕಾಲರು ಯಾವ ಬಣ್ಣದ್ದು ಅಂತ ಕಡೆಯವರೆಗೂ ಯಾರಿಗೂ ಗೊತ್ತಾಗಿರಲಿಲ್ಲ. ಸೋಮಾರಿ ಗಂಡಸು, ಬಕೆಟ್ಟು ಹೊರುವುದಕ್ಕೆ ಮೈಗಳ್ಳತನ ಅಂತ ಬೋನಕ್ಕ ಮನಸ್ಸಿನಲ್ಲೇ ತೀರ್ಪು ಕೊಟ್ಟಿದ್ದಳು. ಎರಡು ವರ್ಷದ ಹಿಂದೆ ಅವನು ನಿವೃತ್ತನಾದ. ಮಾರನೇ ಸೋಮವಾರವೇ ಬೋನಕ್ಕ ಎರಡು ಬಕೆಟ್ಟು, ಬ್ರಷ್ಷು, ಫಿನಾಯಿಲು, ನಿಂಬೆ ವಾಸನೆಯ ಸೋಪಿನ ಪುಡಿ ತಳ್ಳುಗಾಡಿಯಲ್ಲಿಟ್ಟುಕೊಂಡು ಬೇಲಿಯ ಕಡೆ ಹೊರಟಳು.

ಅಂದಿನಿಂದ ಬೋನುಗಳು ಲಕಲಕ ಹೊಳೆದವು. ಮನೆಯಲ್ಲೂ ನೆಮ್ಮದಿ. ಅತ್ತೆ ಗೇಟಿನ ಹತ್ತಿರ ಮೂಗೆಳೆದು, "ಪರವಾಗಿಲ್ವೇ, ಈಗ ಮನುಷ್ಯರ ಥರ ಇದ್ದೀಯ" ಅಂದ ದಿನ ಬೋನಕ್ಕನಿಗೆ ಆಕಾಶಕ್ಕೆ ಮೂರೇ ಗೇಣು.

ಬೋನಿಗೆ ಬೀಳುವ ಹಾವೂ ಕಡಿಮೆಯಾದವು. ಮೊದಲು ತಿಂಗಳಿಗೆ ಏಳೆಂಟು ಬೀಳುತ್ತಿದ್ದದ್ದು ಮೂರಾಯಿತು, ಒಂದಾಯಿತು, ಆಮೇಲೆ ಹದಿನಾಲ್ಕು ತಿಂಗಳು ಸೊನ್ನೆ. ಪುರಸಭೆಗೆ ಹೊಸದಾಗಿ ಬಂದ ಪರಿಸರ ಸಾಹೇಬರು ಆ ಸೊನ್ನೆಗಳನ್ನು ನೋಡಿ ಕುಣಿದುಬಿಟ್ಟರು. ವಯಸ್ಸಿನ್ನೂ ಚಿಕ್ಕದು, ಕೆಲಸದಲ್ಲಿ ಉತ್ಸಾಹ ಜಾಸ್ತಿ. ಬೇಲಿಯುದ್ದಕ್ಕೂ ನಡೆದು, "ಇಷ್ಟು ಸ್ವಚ್ಛವಾದ ಬೋನು ನಾನೆಲ್ಲೂ ನೋಡಿಲ್ಲ" ಅಂತ ಫೋಟೋ ಬೇರೆ ತೆಗೆಸಿಕೊಂಡರು. ಕಚೇರಿಗೆ ಹೋಗಿ ವರದಿ ಬರೆದರು: ಹಾವು ಊರೊಳಗೇ ನೆಲೆ ನಿಂತಿದೆ, ತೋಪಿನ ಕಡೆ ಸುಳಿಯುತ್ತಿಲ್ಲ, ಬೇಲಿಯೂ ಬೋನೂ ದಂಡ, ತೆಗೆದು ಅಲ್ಲಿ ರಸ್ತೆ ಮಾಡಬಹುದು.

ಬೋನಕ್ಕನ ಕೆಲಸ ಹೋಗುತ್ತದಲ್ಲ? ಅದಕ್ಕೂ ದಾರಿ ಮಾಡಿದ್ದರು. ಪುರಸಭೆಯ ಸಭಾಂಗಣದ ಉಸ್ತುವಾರಿ ಅವಳಿಗೆ. ಒಂದು ಮೇಜು, ಒಂದು ಕುರ್ಚಿ, ತಲೆ ಮೇಲೆ ಫ್ಯಾನು, ಸೊಂಟಕ್ಕೆ ಬೀಗದಕೈ ಗೊಂಚಲು, ಗುಡಿಸಿ ಒರೆಸಲು ಬೇಕಾದಷ್ಟು ನೆಲ. ಮೇಲಿಂದ, ಬೇಲಿಯ ವಿಷಯ ತೀರ್ಮಾನಿಸುವ ಊರ ಸಭೆಯಲ್ಲೇ ಸನ್ಮಾನ, ಹಿತ್ತಾಳೆಯ ಫಲಕ. ಬೋನಕ್ಕ ಆ ಕುರ್ಚಿಯನ್ನು ಎರಡು ಸಲ ಹೋಗಿ ಕಿಟಕಿಯಿಂದ ನೋಡಿ ಬಂದಳು. ಕುರ್ಚಿಯ ಕೆಳಗೆ ಧೂಳಿತ್ತು. ಮೊದಲ ದಿನವೇ ಅದಕ್ಕೊಂದು ಗತಿ ಕಾಣಿಸಬೇಕು ಅಂದುಕೊಂಡಳು.

ಸಭೆಯ ಹಿಂದಿನ ದಿನ ಸಂಜೆ ಟೀ ಕುಡಿಯುವಾಗ ಮನೆಯಲ್ಲೇ ಒಂದು ಸಭೆ ನಡೆಯಿತು. ಕಾಳಿನ ಗೋದಾಮು ಇಟ್ಟುಕೊಂಡಿದ್ದ ಮೈದುನ ಬಂದಿದ್ದ.

"ಅತ್ತಿಗೆ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಹಾವು ಬಂದು ಸೇರ್ಕೊಂಡ್ಮೇಲೆ ನನ್ನ ಗೋದಾಮಲ್ಲಿ ಇಲಿ ಕಾಟ ಅರ್ಧಕ್ಕರ್ಧ ಕಮ್ಮಿ. ಸಂಬಳ ಕೇಳದೆ ದುಡಿಯೋ ಆಳು ಅದು!"

"ನನ್ನ ಹಾವಾ? ನಾನೇನು ಹೆತ್ತಿದ್ದೀನಾ ಅದನ್ನ?"

"ನಿನ್ನ ಆ ಆಳು ಮೊನ್ನೆ ಕಾವಿಗೆ ಕೂತ ಕೋಳಿ ಕೆಳಗಿಂದ ಒಂಬತ್ತು ಮೊಟ್ಟೆ ನುಂಗ್ಕೊಂಡು ಹೋಯ್ತಲ್ಲೋ!" ಅತ್ತೆ ಲೋಟ ಕುಕ್ಕಿದರು. "ಅದನ್ನ ಯಾರ ಸಂಬಳದಲ್ಲಿ ಹಿಡ್ಕೊಳ್ಲಿ?"

ಗಂಡ ಬಾಯಿ ಹಾಕಿದ. "ಹೋದ ತಿಂಗಳು ಐಸ್ ಫ್ಯಾಕ್ಟರಿ ಲೈನ್ ಮೇಲೆ ಬಿದ್ದು ಸತ್ತಿತ್ತು. ಎರಡು ದಿನ ಕರೆಂಟಿಲ್ಲ. ದೋಣಿಗಟ್ಲೆ ಮೀನು ಕೊಳೆತು ನಾರ್ತು. ಅದರ ಮುಂದೆ ನಿನ್ನ ಮೂಟೆ ತೂತು ಯಾವ ಲೆಕ್ಕ?"

"ಇಲಿ ತಂತಿ ಕಡಿಯಲ್ವಾ ಅಣ್ಣ? ಇಲಿ ಕಡಿದ್ರೆ ಕರೆಂಟು ಹೋಗಲ್ವಾ?"

"ಹೋಗುತ್ತೆ. ಆದ್ರೆ ಇಲಿ ಹಿಡಿಯಕ್ಕೆ ಬೆಕ್ಕು ಸಾಕೋ ಮಾರಾಯ. ಹಾವು ಸಾಕ್ತಾರಾ ಯಾರಾದ್ರೂ?"

"ಬಂದು ಕೂತಾಗಿದೆಯಲ್ಲ, ಈಗ ಓಡ್ಸೋಕಂತೂ ಆಗಲ್ಲ. ಹೊಂದ್ಕೊಂಡು ಹೋಗ್ಬೇಕು, ಅಷ್ಟೇ. ಅತ್ತಿಗೆಗೂ ಕುರ್ಚಿ ಸಿಗುತ್ತೆ."

ಬೋನಕ್ಕ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಬೇರೆ ದಿನವಾಗಿದ್ದರೆ ಮೈದುನನ ಬೆವರಿಳಿಸುತ್ತಿದ್ದಳು. ಕುರ್ಚಿ ಅಡ್ಡ ಬಂತು.

ಮಾರನೇ ದಿನ ಬೆಳಿಗ್ಗೆ ಅವಳು ಕಡೆಯ ಸಲ ಅಂದುಕೊಂಡೇ ಬೇಲಿಗೆ ಹೋದಳು. ಸಭೆ ಸಂಜೆ ನಾಲ್ಕಕ್ಕೆ. ಒಂದರಿಂದ ನಲವತ್ತರವರೆಗೆ ಎಲ್ಲವೂ ಖಾಲಿ, ಎಲ್ಲವೂ ಹೊಳೆಹೊಳೆ. ನಲವತ್ತೊಂದರ ಹತ್ತಿರ ಒಂದು ತಾಪತ್ರಯವಿತ್ತು. ಅದರ ಕಂಬಕ್ಕೆ ಎರಡು ತಿಂಗಳ ಹಿಂದೆ ಕಣಜದ ಹುಳ ಗೂಡು ಕಟ್ಟಿಕೊಂಡಿದ್ದವು. ಒಂದು ಸಲ ಬ್ರಷ್ಷು ಹಿಡಿದು ಹತ್ತಿರ ಹೋಗಿ ಕೆನ್ನೆ ಊದಿಸಿಕೊಂಡು ಬಂದ ಮೇಲೆ ಬೋನಕ್ಕ ಅದರ ತಂಟೆಗೆ ಹೋಗಿರಲಿಲ್ಲ. ಉದ್ದ ಕೋಲಿಗೆ ಸೌಟು ಕಟ್ಟಿ ದೂರದಿಂದಲೇ ಇಲಿಗೆ ಗೋಧಿ, ಆಲೂಗಡ್ಡೆ ದಾಟಿಸುತ್ತಿದ್ದಳು. ತೊಳೆಯುವ ಮಾತಂತೂ ಇಲ್ಲವೇ ಇಲ್ಲ. ಐವತ್ತೆರಡರಲ್ಲಿ ಆ ಒಂದು ಬೋನು ಗಲೀಜಾಗಿಯೇ ಉಳಿಯಿತಲ್ಲ ಅಂತ ಅವಳಿಗೆ ಒಳಗೊಳಗೇ ಚುಚ್ಚುತ್ತಿತ್ತು.

ಆ ಗಲೀಜು ಬೋನಿನಲ್ಲಿ ಎರಡು ಹಾವಿದ್ದವು.

ಒಂದು ಮಾರುದ್ದದ್ದು, ಇನ್ನೊಂದು ಅದರರ್ಧ. ನಡುವಿನ ಪುಟ್ಟ ಗೂಡಿನಲ್ಲಿ ಇಲಿ ಗಡಗಡ ನಡುಗುತ್ತ ಕೂತಿತ್ತು. ಬೋನಕ್ಕ ಎರಡೆರಡು ಸಲ ಎಣಿಸಿದಳು. ಹಿಂದಕ್ಕೆ ನಡೆದು ನಲವತ್ತನೆಯದನ್ನು ನೋಡಿದಳು. ಬೋನು ಖಾಲಿ, ಆದರೆ ಅದರ ಬೆನ್ನ ಮೇಲೆ ಹಾವಿನ ಪೊರೆಯೊಂದು ಜೋತಾಡುತ್ತಿತ್ತು. ನಿನ್ನೆ ಇರಲಿಲ್ಲ. ಅಂದರೆ ಹಾವು ಬಂದಿದೆ, ಬೋನಿನ ಮೇಲೇ ಹತ್ತಿದೆ, ಅಲ್ಲೇ ಆರಾಮಾಗಿ ಬಟ್ಟೆ ಬದಲಾಯಿಸಿದೆ, ಒಳಗೆ ಇಲಿಯಿದೆ ಅನ್ನುವುದೇ ಗೊತ್ತಾಗದೆ ಪಕ್ಕದ ಬೋನಿಗೆ ಹೋಗಿದೆ! ಬೋನಕ್ಕ ಬಗ್ಗಿ ನಲವತ್ತನೆಯದನ್ನು ಮೂಸಿದಳು. ನಿಂಬೆಹಣ್ಣು, ಫಿನಾಯಿಲು. ಕಣಜದ ಹುಳಕ್ಕೆ ಹೆದರಿ ದೂರ ನಿಂತೇ ನಲವತ್ತೊಂದರ ಕಡೆ ಮೂಗೆತ್ತಿದಳು. ಅಪ್ಪಟ ಇಲಿ.

"ಅಯ್ಯೋ ನನ್ನ ಕೈಗೆ ಹಾವು ಕಚ್ಚ!" ಅಂದಳು ಬೋನಕ್ಕ. ತೊಳೀಬೇಡ ಅಂತ ಮೇಸ್ತ್ರಿ ಬಡಕೊಂಡಿದ್ದು ಮೈಗಳ್ಳತನಕ್ಕಲ್ಲ. ಹಾವಿಗೆ ಮೂಗೇ ದಾರಿ, ಆ ದಾರಿಯನ್ನೇ ಅವಳು ಎರಡು ವರ್ಷದಿಂದ ಸೋಪು ಹಾಕಿ ತಿಕ್ಕಿ ತೊಳೆದಿದ್ದಳು. ಹಾವು ಬರುತ್ತಲೇ ಇತ್ತು. ಹದಿನಾಲ್ಕು ತಿಂಗಳಿಂದ ಬಂದು ಬಂದು ಹೋಗಿದೆ. ಎಷ್ಟು ಆಚೆ ದಾಟಿವೆಯೋ! ಅವಳು ಕಿವಿ ಕೊಟ್ಟು ಕೇಳಿದಳು. ಬೇಲಿಯಾಚೆ ಇನ್ನೂ ಕೂಗುತ್ತಿದ್ದವು. ಅಷ್ಟಕ್ಕೇ ಅವಳ ಕಣ್ಣಲ್ಲಿ ನೀರು ಬಂತು.

ಸೆರಗನ್ನು ಮುಖಕ್ಕೆ ಸುತ್ತಿಕೊಂಡು, ಕಣಜದ ಹುಳವನ್ನೂ ಲೆಕ್ಕಿಸದೆ, ಇಕ್ಕಳದಿಂದ ಹಾವುಗಳನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಊರ ಕಡೆ ಓಡಿದಳು. ಮಾರುಕಟ್ಟೆ ಬೀದಿಯಲ್ಲಿ ಗಂಡ ಕಂಬದ ಮೇಲಿದ್ದ.

"ರೀ, ಇಳೀರಿ!"

"ಏನೇ? ಅಲ್ಲಿಂದಾನೇ ಹೇಳು!"

ಕೂಗಿ ಹೇಳುವ ಸಂಗತಿಯೇ ಅದು? ಅವಳ ಮುಖ ನೋಡಿ ಅವನು ಇಳಿದು ಬಂದ. ಬೋನಕ್ಕ ಒಂದೇ ಉಸಿರಿಗೆ ಎಲ್ಲ ಒದರಿದಳು. ಅವನು ಚೀಲವನ್ನೇ ನೋಡುತ್ತ ನಿಂತ.

"ಹೇಳಿದ್ರೆ ಏನಾಗುತ್ತೆ?" ಅಂದ.

"ಕುರ್ಚಿ ಹೋಗುತ್ತೆ. ಊರ ಮುಂದೆ ಮಾನ ಹೋಗುತ್ತೆ. ಇರೋ ಕೆಲಸನೂ ಹೋಗ್ಬಹುದು."

"ಹೇಳ್ದೆ ಇದ್ರೆ?"

"ತೋಪು ಹೋಗುತ್ತೆ."

ಅವನು ಕೈಗವಸು ಕಳಚಿ ಜೇಬಿಗೆ ತುರುಕಿದ. "ಬಾ, ಮೊದಲು ಒಂದು ಟೀ ಕುಡಿ. ನೀನು ಏನು ಮಾಡ್ತೀಯ ಅಂತ ನಿನಗೇ ಗೊತ್ತಿದೆ. ನನ್ನ ಕೇಳಕ್ಕೆ ಬಂದಿರೋದು ಬರೀ ಧೈರ್ಯಕ್ಕೆ."

ಸಭಾಂಗಣ ಕಿಕ್ಕಿರಿದಿತ್ತು. ಎರಡನೇ ಸಾಲಿನಲ್ಲಿ ಅತ್ತೆ, ಪೆಟ್ಟಿಗೆಯ ಸೀರೆ ಉಟ್ಟುಕೊಂಡು, ಸೊಸೆಯ ಸನ್ಮಾನ ನೋಡಲು ಕೂತಿದ್ದರು. ಮೈದುನ ಇಲಿಯ ವಿಷಯ ಹೇಳಿ ಚಪ್ಪಾಳೆ ಗಿಟ್ಟಿಸಿದ. ಐಸ್ ಫ್ಯಾಕ್ಟರಿಯವರು ಎದ್ದು ಮೀನಿನ ವಿಷಯ ಹೇಳಿ ಅದಕ್ಕಿಂತ ಜೋರು ಚಪ್ಪಾಳೆ ಗಿಟ್ಟಿಸಿದರು. ನಿವೃತ್ತ ಮೇಷ್ಟ್ರೊಬ್ಬರು, "ಹಕ್ಕಿ ಹಣ್ಣು ತಿಂದು ಬೀಜ ಉದುರಿಸಿದ್ರೆ ತಾನೇ ಮರ? ಬಂದರಿನ ಕಡೆ ಮೂವತ್ತು ವರ್ಷದಿಂದ ತಾನಾಗಿ ಹುಟ್ಟಿದ ಒಂದು ಗಿಡ ತೋರ್ಸಿ ನೋಡೋಣ" ಅಂದರು. ಯಾರೂ ತೋರಿಸಲಿಲ್ಲ, ಚಪ್ಪಾಳೆಯೂ ಬರಲಿಲ್ಲ. "ಮರ ಬೇಕಾದ್ರೆ ನಾವೇ ನೆಡಬಹುದಲ್ಲ ಮೇಷ್ಟ್ರೇ" ಅಂತ ಹಿಂದಿನಿಂದ ಒಬ್ಬ. "ಮೊಮ್ಮಕ್ಕಳಿಗೆ ಹಕ್ಕಿ ಹಾಡೂ ನೀನೇ ಹಾಡ್ತೀಯೇನಪ್ಪ?" ಅಂತ ಅತ್ತೆ. ಅದಕ್ಕೆ ಎಲ್ಲರೂ ನಕ್ಕರು.

ಕಡೆಗೆ ಸಾಹೇಬರು ಎದ್ದರು, ಗೋಡೆಯ ಮೇಲೆ ನಕ್ಷೆ ತೋರಿಸಿದರು. ಬೆಟ್ಟದಿಂದ ಜಾರಿದ ಹಾಗೆ ಕೆಳಗಿಳಿಯುವ ಗೆರೆ, ಕೊನೆಗೆ ಸೊನ್ನೆ. "ಇಷ್ಟು ನಿಷ್ಠೆಯಿಂದ ದುಡಿದ ನಮ್ಮ ಬೋನಕ್ಕ ವೇದಿಕೆಗೆ ಬರಬೇಕು" ಅಂದರು.

ಬೋನಕ್ಕ ಬಂದಳು. ಸ್ನಾನವಿಲ್ಲ, ಬೆಳಗಿನ ಸೀರೆಯೇ, ಕೈಯಲ್ಲಿ ಚೀಲ. ಮುಂದಿನ ಸಾಲಿನವರು ಕರವಸ್ತ್ರ ಹುಡುಕಿಕೊಂಡರು. ಅವಳು ಚೀಲವನ್ನು ಅಧ್ಯಕ್ಷರ ಮೇಜಿನ ಮೇಲೆ, ಹಿತ್ತಾಳೆ ಫಲಕದ ಪಕ್ಕದಲ್ಲೇ ಇಟ್ಟಳು. ಚೀಲ ಮಿಸುಕಾಡಿತು. ಅಧ್ಯಕ್ಷರು ಎಂಬತ್ತೈದು ಕಿಲೋ ತೂಕದವರು, ಕುರ್ಚಿಯ ಮೇಲೆ ಯಾವಾಗ ಹತ್ತಿ ನಿಂತರೋ ಅವರಿಗೇ ತಿಳಿಯದು.

"ಇವತ್ತು ಬೆಳಿಗ್ಗೆ ಬಿದ್ದವು ಸರ್. ನಲವತ್ತೊಂದನೇ ಬೋನಲ್ಲಿ. ಅದೊಂದನ್ನೇ ನಾನು ತೊಳೆದಿರ್ಲಿಲ್ಲ."

ಸಾಹೇಬರಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಸೋಪು, ಫಿನಾಯಿಲು, ಮೇಸ್ತ್ರಿ ಹೇಳಿದ್ದು, ತಾನು ಕೇಳದೇ ಹೋದದ್ದು, ಬೋನಿನ ಮೇಲೆ ಬಿಟ್ಟುಹೋದ ಪೊರೆ. "ಹಾವು ಬರೋದು ನಿಂತಿಲ್ಲ ಸರ್. ನಾನು ಹಿಡಿಯೋದು ನಿಂತಿತ್ತು. ನಿಮ್ಮ ಆ ಸೊನ್ನೆ ಎಲ್ಲ ನನ್ನ ಸೋಪಿನದು. ಬೇಲಿ ತೆಗೀಬೇಡಿ. ನನ್ನನ್ನ ಬೇಕಾದ್ರೆ ತೆಗೀರಿ."

 ಸಾಹೇಬರ ಮುಖ ಕೆಂಪಗಾಯಿತು. ತಾವೇ ನಿಂತು ಫೋಟೋ ತೆಗೆಸಿಕೊಂಡದ್ದು ನೆನಪಾಗಿರಬೇಕು. "ತೊಳೀಬೇಡ ಅಂತ ಹೇಳಿದ್ರೂ ಯಾಕಮ್ಮ ತೊಳೆದ್ರಿ? ಯಾರು ತೊಳೀರಿ ಅಂದ್ರು?"

ಬೋನಕ್ಕನ ಕಣ್ಣು ಎರಡನೇ ಸಾಲಿಗೆ ಹೋಯಿತು. ಅತ್ತೆ ತುಟಿ ಬಿಗಿ ಹಿಡಿದು, ಮಡಿಲಲ್ಲಿ ಕೈ ಹಿಸುಕಿಕೊಳ್ಳುತ್ತ ಕೂತಿದ್ದರು.

"ಯಾರೂ ಅನ್ಲಿಲ್ಲ ಸರ್. ನನಗೇ ಗಲೀಜು ಆಗಲ್ಲ. ನನ್ನ ಚಟ."

ಆಮೇಲೆ ಏನೇನೋ ಗಲಾಟೆಯಾಯಿತು. ಬೈದವರು ಬೈದರು. ಮೈದುನ ಅಣ್ಣನ ಮುಖ ನೋಡಿ ತೆಪ್ಪಗಾದ. ಕಡೆಗೆ ಕೈ ಎತ್ತಿಸಿ ಎಣಿಸಿದಾಗ ಬೇಲಿ ಇರಲಿ ಅಂದವರೇ ಹೆಚ್ಚು. ಕುರ್ಚಿ ಬೇರೆಯವರ ಪಾಲಾಯಿತು, ಫಲಕ ಬೀರುವಿಗೆ ಹೋಯಿತು. ಬೋನಕ್ಕನನ್ನು ತೆಗೆಯುವ ಮಾತೂ ಬಂತು. ಹಾಗಾದರೆ ನಾಳೆಯಿಂದ ಬೋನು ನೋಡುವವರು ಯಾರು ಅಂತ ಅಧ್ಯಕ್ಷರು, ಕುರ್ಚಿಯಿಂದ ಇಳಿದು, ಕೇಳಿದರು. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಅಲ್ಲಿಗೆ ಅದು ಮುಗಿಯಿತು. ಸಾಹೇಬರು ಮಾತ್ರ ಹೊರಡುವಾಗ ಹತ್ತಿರ ಬಂದು, "ಆ ಮೇಸ್ತ್ರಿ ಮನೆ ಎಲ್ಲಿ ಬರುತ್ತೆ?" ಅಂತ ಮೆಲ್ಲಗೆ ವಿಚಾರಿಸಿಕೊಂಡು ಹೋದರು.

ಅವಳು ಮತ್ತೆ ಬೇಲಿಗೆ ಹೋಗಿ, ಇಲಿಯ ವಾಸನೆ ಹಿಡಿಯಲೆಂದು ಉಳಿದ ಬೋನುಗಳಿಗೆ ಹಳೇ ಗೋಧಿಹೊಟ್ಟು, ಇಲಿಗಳ ಹಾಸು ಉಜ್ಜಿ ಮನೆಗೆ ಬರುವಷ್ಟರಲ್ಲಿ ರಾತ್ರಿ ಊಟದ ಹೊತ್ತು. ಅಷ್ಟು ನಾತವನ್ನು ಅವಳು ಹದಿಮೂರು ವರ್ಷದಲ್ಲಿ ಒಂದು ದಿನವೂ ಮೈಮೇಲೆ ಹೊತ್ತಿರಲಿಲ್ಲ. ಗೇಟು ತೆಗೆದಳು. ಒಳಗಿನಿಂದ ಕೂಗು ಬರಲಿಲ್ಲ. ಅಭ್ಯಾಸಬಲದಿಂದ ಹಿತ್ತಲಿಗೆ ಹೋದಳು. ಮೊಳೆಯಲ್ಲಿ ಟವೆಲು ಇರಲಿಲ್ಲ, ಸೋಪೂ ಇಲ್ಲ. ಅತ್ತೆ ಮುನಿಸಿಕೊಂಡಿದ್ದಾರೆ ಅಂದುಕೊಂಡು ಅವಳು ಬರೀ ನೀರಾದರೂ ಸುರಿದುಕೊಳ್ಳಲು ತಂಬಿಗೆ ಹುಡುಕಿದಳು.

"ಅಲ್ಲೇನೇ ಮಾಡ್ತಿದ್ದೀಯ? ಒಳಗೆ ಬಾ."

"ಸ್ನಾನ ಆಗಿಲ್ಲ ಅತ್ತೆ. ತುಂಬ ವಾಸನೆ..."

"ನನಗೆ ಮೂಗಿಲ್ವಾ? ಗೊತ್ತಾಗ್ತಿದೆ. ಬಾ ಅಂದ್ನಲ್ಲ."

ಅಡುಗೆಮನೆಯಲ್ಲಿ ಎರಡು ತಟ್ಟೆ ಹಾಕಿತ್ತು, ಅಕ್ಕಪಕ್ಕ. ಅತ್ತೆ ಅವಳ ಕೈ ಹಿಡಿದು ಕೂರಿಸಿದರು. ಆ ಕೈಯನ್ನೇ ಒಂದು ಗಳಿಗೆ ಬಿಡದೆ ಹಿಡಿದುಕೊಂಡರು. "ಎಲ್ಲರ ಮುಂದೆ ನನ್ನ ಹೆಸರು ಹೇಳ್ಬಹುದಿತ್ತಲ್ಲೇ" ಅಂದರು.  ಅತ್ತೆ ಅವಳ ತಟ್ಟೆಗೆ ಅನ್ನ ಬಡಿಸಿದರು, ಸಾರು ಹಾಕಿದರು, ಮಂಡಿ ಹಿಡಿದುಕೊಂಡು ಅವಳ ಪಕ್ಕದಲ್ಲೇ ಕೂತರು.

"ಮೊದಲು ಊಟ ಮಾಡು. ಸ್ನಾನ ಆಮೇಲೆ ಮಾಡಿದ್ರಾಯ್ತು," ಅಂದರು. ಆಮೇಲೆ, ದಿನದ ಹಾಗೇ, ಮೆಲ್ಲಗೆ: "ಇವತ್ತು ಏನು ಕೂಗ್ತೇ?"

ಬೋನಕ್ಕ ಬಾಯಲ್ಲಿ ತುತ್ತು ಇಟ್ಟುಕೊಂಡೇ ಕೂಗಿ ತೋರಿಸಿದಳು.